ಚಾದರದ ಗೋದಾಮಿನಲ್ಲಿ ಕುರಿಯ ಹಾಡು

ಸೋಲಾಪುರದಲ್ಲಿ ನನ್ನ ಅಪ್ಪನದು ಚಾದರದ ವ್ಯಾಪಾರ. ಅಂಗಡಿಯ ಹಿಂದೆ ಗೋದಾಮು, ಮೇಲೆ ನಮ್ಮ ಮನೆ. ಗೋದಾಮಿನಲ್ಲಿ ನೆಲದಿಂದ ತೊಲೆಯವರೆಗೆ ಚಾದರ, ಟವೆಲುಗಳ ಗಂಟುಗಳನ್ನು ಒಟ್ಟಿರುತ್ತಿದ್ದರು. ಅಲ್ಲಿ ನಿಂತು ಎಷ್ಟು ಜೋರಾಗಿ ಕೂಗಿದರೂ ದನಿ ತಿರುಗಿ ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅವ್ವನ ಬೈಗುಳ ತಪ್ಪಿಸಿಕೊಳ್ಳಲು ಆ ಗಂಟುಗಳ ಸಂದಿಯಲ್ಲಿ ಅಡಗುತ್ತಿದ್ದೆ. ಆ ಜಾಗಕ್ಕೆ ಇನ್ನೊಂದು ಉಪಯೋಗವೂ ಉಂಟು ಎಂದು ನಮಗೆ ತೋರಿಸಿದವನು ಟವೆಲು ಕೊಳ್ಳಲು ಬಂದ ಒಬ್ಬ ಗಿರಾಕಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನಗೆ ಹತ್ತೊಂಬತ್ತು. ಆ ಗಿರಾಕಿ ಹತ್ತಿರದ ಓಣಿಯ ನರ್ಸಬಾಯಿಯ ಮಗ. ಕೊರಳ ತನಕ ಕೂದಲು, ನೆಲ ಗುಡಿಸುವ ಬೆಲ್‌ಬಾಟಮ್. ಟವೆಲು ಆರಿಸಲು ಗೋದಾಮಿನೊಳಗೆ ಹೋದವನು ಟವೆಲು ನೋಡುವುದು ಬಿಟ್ಟು ಒಂದು ಚಪ್ಪಾಳೆ ತಟ್ಟಿದ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೊಂದು ತಟ್ಟಿದ.

"ಯಾಕೋ ತಮ್ಮಾ, ಬಡದು ನೋಡಿ ತಗೊಳ್ಳಾಕ ಇದೇನು ಗಡಗಿ ಅಂತ ತಿಳದಿಯೇನು?" ಎಂದ ಅಪ್ಪ.

"ಇಲ್ಲರಿ ಸಾವ್ಕಾರ್ರ. ಇಲ್ಲಿ ದನಿ ಹೊಳ್ಳಿ ಬರೂದಿಲ್ಲ. ನಾವು ಇಂಥಾ ಜಾಗಾನ ಹುಡುಕಾಕತ್ತೀವಿ."

ಸಂಗತಿ ಏನೆಂದರೆ, ಅವನೂ ಅವನ ಇಬ್ಬರು ಗೆಳೆಯರೂ ಸೇರಿ ತಮ್ಮ ಏಸುವಿನ ಹಾಡುಗಳನ್ನು ಗಿಟಾರು, ಡ್ರಮ್ಮು ಹಚ್ಚಿ ಹಾಡುತ್ತಿದ್ದರು. ಅದಕ್ಕೆ ರಾಕ್ ಅನ್ನುತ್ತಾರೆ ಎಂದು ನನಗೆ ಹೇಳಿದವನೂ ಅವನೇ. ಅವರ ಚರ್ಚಿನ ಹಿರಿಯರು ಒಂದು ಭಾನುವಾರ ಕೇಳಿ, ಇದು ದೇವರನ್ನು ಕರೆಯುವ ಹಾಡೋ ಓಡಿಸುವ ಹಾಡೋ ಎಂದು ಹೊರಗೆ ಹಾಕಿದ್ದರು. ದುಬೈಯಲ್ಲಿದ್ದ ಸೋದರಮಾವ ಒಂದು ಟೇಪ್‌ರೆಕಾರ್ಡರ್ ಕಳಿಸಿದ್ದ. ಅದರಲ್ಲಿ ತಾವೇ ಹಾಡು ತುಂಬಿಸಿ, ತಾವೇ ಕ್ಯಾಸೆಟ್ ಮಾಡಿ, ತಾವೇ ಮಾರುವುದೆಂದು ಮೂವರೂ ಹಟ ತೊಟ್ಟಿದ್ದರು. ಕ್ಯಾಸೆಟ್ಟಿನ ಮೇಲಿನ ಕಾಗದಕ್ಕೆ ಶಿಲುಬೆ ಮತ್ತು ಗಿಟಾರಿನ ಚಿತ್ರ ಬರೆದು ಆಗಲೇ ಸಿದ್ಧ ಮಾಡಿಟ್ಟುಕೊಂಡಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರ ಪೈಕಿ. ಇದೆಲ್ಲ ನನಗೆ ಆಮೇಲೆ ತಿಳಿದದ್ದು, ಅವತ್ತು ಅಪ್ಪನಿಗೆ ಅವನು ಹೇಳಿದ್ದು ದೇವರ ಹಾಡು ತುಂಬಿಸುತ್ತೇವೆ ಎಂದಷ್ಟೇ.

"ಅಂದ್ರ ಭಜನಿ?" ಎಂದು ಕೇಳಿದ ಅಪ್ಪ.

"ನಮ್ಮ ಭಜನಿರಿ."

"ಹಂಗಾರ ಮಾಡ್ರಿ. ಗಂಟಿನ ಮ್ಯಾಲ ಕುಂಡ್ರಬ್ಯಾಡ್ರಿ, ಚಾದರದ ಮಡಿಕಿ ಮುರೀತದ."

ನಮ್ಮ ಓಣಿಯ ತುಂಬ ಪವರ್‌ಲೂಮುಗಳು. ಮಗ್ಗ ನಡೆಯುವಾಗ ಮನೆಯಲ್ಲಿ ನಾವು ಮಾತಾಡುತ್ತಿದ್ದುದೇ ಕೂಗಿ. ಹೀಗಾಗಿ ಮಗ್ಗಗಳಿಗೆ ವಾರದ ಸೂಟಿ, ಅಂದರೆ ರಜೆ, ಇದ್ದ ದಿನ ಮಧ್ಯಾಹ್ನ ಮಾತ್ರ ಅವರು ಬರುತ್ತಿದ್ದರು. ಗಿಟಾರಿನವನು ನರ್ಸಬಾಯಿಯ ಮಗ. ಎರಡನೆಯವನು ಲೇಥಿನ ಕೆಲಸದವನು. ಗಿಟಾರಿಗೆ ಹಳೆಯ ರೇಡಿಯೊ ಜೋಡಿಸಿ ಗುಡುಗು ಹೊರಡಿಸುತ್ತಿದ್ದ, ದನಿಗೂಡಿಸುತ್ತಿದ್ದ. ಮೂರನೆಯವನು ನೂಲಿಗೆ ಬಣ್ಣ ಹಾಕುವ ಕಾರಖಾನೆಯವನು. ಬಣ್ಣದ ಖಾಲಿ ಡ್ರಮ್ಮೇ ಅವನ ಡ್ರಮ್ಮು. ಅವನ ಕೈ ಮೊಣಕೈಯವರೆಗೆ ನೀಲಿ.

ಮೊದಲ ಎರಡು ಸೂಟಿ ನಾನು ಮೇಲಿನಿಂದಲೇ ಕೇಳಿದೆ. ಮೂರನೆಯ ಸಲ ತಡೆಯಲಾಗಲಿಲ್ಲ. ನಾನು ಚಿಕ್ಕಂದಿನಿಂದ ಹಾರ್ಮೋನಿಯಂ, ಅಂದರೆ ನಮ್ಮ ಭಾಷೆಯಲ್ಲಿ ಪೇಟಿ, ಬಾರಿಸುತ್ತಿದ್ದವಳು. ನಮ್ಮ ಓಣಿಯ ಹೆಂಗಸರ ಭಜನೆ ನಡೆಯುತ್ತಿದ್ದುದೇ ನನ್ನ ಪೇಟಿಯ ಮೇಲೆ. ಕೆಳಗಿಳಿದು ಹೋಗಿ ಹೇಳಿಯೇಬಿಟ್ಟೆ: "ನಿಮ್ಮ ಹಾಡಿನ ನಡುವ ಖಾಲಿ ಖಾಲಿ ಅನಸ್ತದ. ಅಲ್ಲಿ ಪೇಟಿ ಬೇಕು."

ಮೂವರೂ ಮುಖ ಮುಖ ನೋಡಿಕೊಂಡರು. ಅವ್ವ ನನ್ನ ಕಾವಲಿಗೆಂದು ಒಂದು ಮೊರ ಶೇಂಗಾ ತಂದು ಸುಲಿಯುತ್ತ ಕುಳಿತಳು. ಮರುವಾರದಿಂದ ನಾವು ನಾಲ್ವರು.

ಇದ್ದದ್ದು ಒಂದೇ ಮೈಕು, ಅದೂ ಟೇಪಿನೊಳಗೇ. ಯಾರ ಸದ್ದು ಹೆಚ್ಚೋ ಅವರನ್ನು ದೂರ ಕೂರಿಸುವುದು, ಯಾರದು ಕಡಿಮೆಯೋ ಅವರನ್ನು ಹತ್ತಿರ ಕರೆಯುವುದು, ಇಷ್ಟೇ ನಮ್ಮ ವಿದ್ಯೆ. ನನ್ನ ಪೇಟಿ ಮೈಕಿನ ಮಗ್ಗುಲಲ್ಲಿ. ಡ್ರಮ್ಮಿನವನು ಗೋದಾಮಿನ ಆ ತುದಿಗೆ, ಆರು ಗಂಟುಗಳ ಹಿಂದೆ. ಅಲ್ಲಿಂದ ಅವನಿಗೆ ನಾವು ಕಾಣುತ್ತಿರಲಿಲ್ಲ. ಅದಕ್ಕೇ ಅವನ ಕಾಲಿಗೆ ಗಂಟು ಕಟ್ಟುವ ಸುತಳಿ ಬಿಗಿದು, ಇನ್ನೊಂದು ತುದಿ ಅವ್ವನ ಕೈಗೆ ಕೊಟ್ಟಿದ್ದರು. ನರ್ಸಬಾಯಿಯ ಮಗ ತಲೆ ಅಲ್ಲಾಡಿಸಿದ ಕೂಡಲೇ ಅವ್ವ ಸುತಳಿ ಜಗ್ಗಬೇಕು, ಆತ ಶುರು ಮಾಡಬೇಕು. ಅವ್ವ ಎಮ್ಮೆಯ ಹಗ್ಗ ಜಗ್ಗಿದಂತೆ ಜಗ್ಗುತ್ತಿದ್ದಳು. ಎರಡು ಸಲ ಆತ ಡ್ರಮ್ಮಿನ ಸಮೇತ ಬಿದ್ದ.

ಹಾಡುಗಳೆಲ್ಲ ಮರಾಠಿ. ಒಂದು ಮಾತ್ರ ಕನ್ನಡ, ಡ್ರಮ್ಮಿನವನು ಕಟ್ಟಿದ್ದು. ಅವನ ತಾಯಿ ಕನ್ನಡ ಮಾತಾಡುವ ದುಧನಿಯ ಕಡೆಯವಳು. ಅವರ ಧರ್ಮದ ಕಥೆಯೇ ಅದು. ಒಬ್ಬನ ಹತ್ತಿರ ನೂರು ಕುರಿ ಇದ್ದವು. ಒಂದು ಕಳೆಯಿತು. ಆತ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋದ, ಹೆಗಲ ಮೇಲೆ ಹೊತ್ತು ತಂದ. ಡ್ರಮ್ಮು ಕುರಿಗಳ ಕಾಲಿನ ಸಪ್ಪಳದ ಹಾಗೆ ಓಡುತ್ತಿತ್ತು, ನನ್ನ ಬೆರಳು ಅದರ ಬೆನ್ನು ಹತ್ತಿ ಓಡುತ್ತಿದ್ದವು. ಭಜನೆಯಲ್ಲಿ ನಾನು ಯಾವತ್ತೂ ಅಷ್ಟು ಜೋರಾಗಿ ಬಾರಿಸಿದವಳಲ್ಲ. ಅಷ್ಟು ಖುಷಿಯೂ ಪಟ್ಟವಳಲ್ಲ. ಇದನ್ನು ಈಗ ಹೇಳಿದರೆ ಯಾರೂ ಬೈಯಲಾರರು.

ಇನ್ನೊಂದು ಟೇಪು ಎರವಲು ತಂದು, ಒಂದರಿಂದ ಇನ್ನೊಂದಕ್ಕೆ ಇಳಿಸಿ ಹತ್ತು ಕ್ಯಾಸೆಟ್ ಮಾಡಿದರು. ಒಂದನ್ನು ನನಗೆ ಕೊಟ್ಟರು. ಹಾಡಿನ ನಡುವೆ ಅವ್ವನ ಶೇಂಗಾ ಚಟ್ ಚಟ್ ಎಂದು ಒಡೆಯುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಚಿಟಿಕೆ ಹಾಕಿದಂತಿದೆ, ಇರಲಿ ಎಂದರು ಮೂವರೂ.

ಅದೇ ದಿನಗಳಲ್ಲಿ ಅಕ್ಕಲಕೋಟೆಯಿಂದ ನನಗೊಂದು ಸಂಬಂಧ ಬಂತು. ತಡವಳದಲ್ಲಿ ದೊಡ್ಡ ಹೊಲ, ಅಕ್ಕಲಕೋಟೆಯಲ್ಲಿ ಮನೆ. ಹುಡುಗ ದುಧನಿಯ ಪೇಟೆಯಲ್ಲಿ ಕಾಳಿನ ಅಂಗಡಿ ನೋಡುತ್ತಿದ್ದ. ನೋಡಲು ಬಂದವರು ಹುಡುಗ, ಅವನ ತಾಯಿ ಮತ್ತು ಅವನ ಮುತ್ಯಾ, ಅಂದರೆ ಅಜ್ಜ. ತಂದೆ ಹೊಲದ ಕೆಲಸ ಬಿಟ್ಟು ಬಂದಿರಲಿಲ್ಲ. ತಾಯಿ ತಲೆಯ ಮೇಲಿನ ಸೆರಗು ಸರಿಸದೆ, ತುಟಿ ಪಿಟಕ್ಕೆನ್ನದೆ ಕುಳಿತಿದ್ದಳು. ಆ ಮನೆಯಲ್ಲಿ ಮಾತು ಏನಿದ್ದರೂ ಮುತ್ಯಾನದು. ಪದ್ಧತಿಯಂತೆ ಒಂದು ಹಾಡು ಹೇಳಿಸಿದರು, ನಾನು ಪೇಟಿ ಬಾರಿಸಿ ಹಾಡಿದೆ. ಹುಡುಗ ನನ್ನ ಮುಖ ನೋಡುವುದು ಬಿಟ್ಟು ಪೇಟಿಯ ಮೇಲಿನ ಬೆರಳುಗಳನ್ನೇ ನೋಡುತ್ತಿದ್ದ. ಅಲ್ಲಿಗೆ ನನಗೆ ಅವನು ಹಿಡಿಸಿಬಿಟ್ಟ.

"ಛಲೋ ಬಾರಸ್ತಾಳ," ಎಂದ ಮುತ್ಯಾ. "ಆದ್ರ ಲಗ್ನ ಆದ ಮ್ಯಾಲ ನಮ್ಮ ಮನ್ಯಾಗ ಪೇಟಿ ಗೀಟಿ ನಡ್ಯಾಂಗಿಲ್ಲ."

ಅವರು ಹೋದ ಮೇಲೆ ಅಪ್ಪನಿಗೆ ಖಂಡತುಂಡವಾಗಿ ಹೇಳಿದೆ: ಹುಡುಗ ಬೇಕು, ಪೇಟಿಯೂ ಬೇಕು, ಪೇಟಿ ಬಿಟ್ಟು ನಾನು ಆ ಮನೆಯ ಹೊಸ್ತಿಲು ದಾಟುವುದಿಲ್ಲ.

"ಎರಡೂ ಕೈಯಾಗ ಲಾಡು ಬೇಕಂತಾಳ ನಿಮ್ಮ ಮಗಳು," ಎಂದಳು ಅವ್ವ.

ಅಪ್ಪ ವ್ಯಾಪಾರಸ್ಥ. ಗಿರಾಕಿ ಬೇಡ ಅಂದನೆಂದರೆ ಮಾಲು ಸರಿಯಾಗಿ ನೋಡಿಲ್ಲ ಎಂದೇ ಅವನ ಲೆಕ್ಕ. ಅಂಥವರಿಗೆ ನಮೂನೆ ಕಳಿಸಬೇಕು. ನನ್ನನ್ನು ಕೇಳದೆ, ಕ್ಯಾಸೆಟ್ಟಿನಲ್ಲಿ ಏನಿದೆ ಎಂದು ತಾನೂ ಕೇಳದೆ, ಒಂದು ಒಳ್ಳೆಯ ಚಾದರದ ಮಡಿಕೆಯಲ್ಲಿ ನನ್ನ ಕ್ಯಾಸೆಟ್ ಇಟ್ಟು ಅಕ್ಕಲಕೋಟೆಯ ಬಸ್ಸಿಗೆ ಕೊಟ್ಟು ಕಳಿಸಿದ. "ಮನ್ಯಾಗ ಟೇಪ್ ಅದ ಅಂತ ಹುಡುಗ ಅಂದಿದ್ದ. ಕೇಳ್ಲಿ, ಮನಸ್ಸು ಕರಗ್ತದ," ಎಂದು ಮರುದಿನ ಊಟಕ್ಕೆ ಕುಳಿತಾಗ ನನಗೆ ಹೇಳಿದ.

ದಿನಾ ಎರಡು ಹೊತ್ತು ಆರತಿ ನಡೆಯುವ ಮನೆಗೆ ಚರ್ಚಿನ ಹಾಡು, ಅದೂ ಚರ್ಚಿನವರೇ ಹೊರಗೆ ಹಾಕಿದ ಹಾಡು.

"ಅಪ್ಪಾ, ಅದು ಏಸುವಿನ ಹಾಡು."

ಅಪ್ಪನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ಭಜನಿ ಅಂದಿದ್ರಲ್ಲ?"

"ಅವರ ಭಜನಿನ ಅದು. ಅದರಾಗ ಕನ್ನಡದ್ದು ಒಂದು ಅದ, ಕುರಿ ಮ್ಯಾಲ."

"ಕುರಿ ಮ್ಯಾಲ ಭಜನಿ?" ಎಂದು ಅಪ್ಪ ಪೂರ್ತಿ ಗಲಿಬಿಲಿಯಾದ.

ಎಂಟು ದಿನ ಸುದ್ದಿಯೇ ಇಲ್ಲ. ಒಂಬತ್ತನೆಯ ದಿನ ಹೇಳಿಕೆ ಬಂತು: ಮುತ್ಯಾ ಬರುತ್ತಾನೆ, ಕ್ಯಾಸೆಟ್ಟಿನ ವಿಷಯ ಮಾತಾಡುವುದಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವತ್ತು ನಮ್ಮ ಮನೆಯಲ್ಲಿ ಎಲ್ಲರ ಕೈಯೂ ಹೆಗಲ ಮೇಲೇ. ಹುಡುಗನನ್ನೂ ಪೇಟಿಯನ್ನೂ ಒಂದೇ ಏಟಿಗೆ ಕಳೆದುಕೊಂಡೆ ಎಂದು ನಾನು ಗೋದಾಮಿಗೆ ಹೋಗಿ ಅತ್ತು ಬಂದೆ. ಅಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲವಲ್ಲ.

ಬಂದವರು ಮುತ್ಯಾ, ಹುಡುಗ ಮತ್ತು ಅವನ ತಾಯಿ. ಹುಡುಗನ ತೊಡೆಯ ಮೇಲೆ, ನಾವು ಕಳಿಸಿದ ಚಾದರದಲ್ಲಿ ಸುತ್ತಿದ ಟೇಪ್‌ರೆಕಾರ್ಡರ್. ಮುತ್ಯಾ ನೀರು ಕುಡಿದು, "ಹಚ್ಚು," ಎಂದ. ಕುರಿಯ ಹಾಡು ಶುರುವಾಯಿತು. ಡ್ರಮ್ಮು, ಗಿಟಾರು, ನನ್ನ ಪೇಟಿ, ಅವ್ವನ ಶೇಂಗಾ. ಅವ್ವ ಬಾಗಿಲ ಹಿಂದೆ ಸರಿದಳು.

ಹಾಡು ಮುಗಿಯಿತು. ಅಪ್ಪನಿಗೆ ತಡೆಯಲಾಗಲಿಲ್ಲ. "ಅಜ್ಜಾರ, ತಪ್ಪಾಗ್ಯಾದರಿ. ಅದು ಕ್ರಿಶ್ಚನ್ ಮಂದಿ ಹಾಡರಿ. ನನಗ ಗೊತ್ತಿದ್ದಿಲ್ಲ."

"ನನಗ ಗೊತ್ತದ," ಎಂದ ಮುತ್ಯಾ. "ಮ್ಯಾಲ ಶಿಲುಬಿ ಬರದದ, ನನಗೇನು ಕಣ್ಣಿಲ್ಲೇನು? ಹಾಡು ಯಾರದರ ಇರಲಿ, ಕುರಿ ಅಂದ್ರ ಕುರಿನ. ನನ್ನ ತಕರಾರು ಬ್ಯಾರೆ ಅದ. ಎಂಟು ದಿನ ಆತು, ಹಚ್ಚಿಸಿ ಹಚ್ಚಿಸಿ ಕೇಳಾಕತ್ತೀನಿ. ಆ ಕುರಿ ಕಾಯಾವಗ ಬುದ್ಧಿ ಅದ ಏನು?"

ಅವ್ವ ಬಾಗಿಲ ಸಂದಿಯಿಂದ ಇಣುಕಿದಳು.

"ಜ್ವಾಳ ಕೊಯ್ದ ಮ್ಯಾಲ ವರ್ಷಾ ನಮ್ಮ ತಡವಳದ ಹೊಲದಾಗ ಕುರಿ ನಿಲ್ಲಸ್ತೀವಿ, ಗೊಬ್ಬರಕ್ಕ. ನಾ ನೋಡದ ಕುರಿ ಹಿಂಡು ಇಲ್ಲ. ತೊಂಬತ್ತೊಂಬತ್ತು ಕುರಿ ಬಯಲಾಗ ಬಿಟ್ಟು ಒಂದರ ಬೆನ್ನು ಹತ್ತಿದ್ರ ಏನಾಗ್ತದ? ತೋಳ ಬರ್ತದ. ಹೊಳ್ಳಿ ಬರೂದ್ರಾಗ ಹತ್ತು ಹೋಗಿರ್ತಾವ. ಹೌದೋ ಅಲ್ಲೋ?"

"ಹೌದರಿ, ಹೌದರಿ," ಎಂದ ಅಪ್ಪ. ಏಸುವಿನಿಂದ ತೋಳಕ್ಕೆ ಬಂದದ್ದೇ ಅವನಿಗೆ ದೊಡ್ಡ ಸಮಾಧಾನ.

"ಬಾರಿಸಿದಾಕಿ ಹೇಳ್ಲಿ," ಎಂದು ಮುತ್ಯಾ ನನ್ನ ಕಡೆ ತಿರುಗಿದ. "ಆಂವ ಮಾಡಿದ್ದು ಬರೋಬರಿ ಏನು, ತಪ್ಪೇನು?"

ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಸ್ವಭಾವವೇ ಹಾಗೆ. "ತೊಂಬತ್ತೊಂಬತ್ತಕ್ಕ ಒಂದಕ್ಕೊಂದು ಜೋಡಿ ಇರ್ತಾವರಿ," ಎಂದೆ. "ತಪ್ಪಿಸಿಕೊಂಡಿದ್ದಕ್ಕ ಯಾರೂ ಇರಂಗಿಲ್ಲ."

"ಜೋಡಿ ಇದ್ರ ತೋಳಕ್ಕ ಇನ್ನಾ ಛಲೋ," ಎಂದ ಮುತ್ಯಾ. ಅಪ್ಪ ನಕ್ಕ. ನಾನು ಸೋತೆ ಎಂದು ನನಗೆ ಗೊತ್ತಾಯಿತು.

ಆಗ ಹುಡುಗನ ತಾಯಿ ಮಾತಾಡಿದಳು. ಮಾವನ ಎದುರಿಗೆ ಅವಳು ಬಾಯಿ ತೆರೆದದ್ದನ್ನು ಮಗನೂ ನೋಡಿರಲಿಲ್ಲವಂತೆ. ತಲೆ ಎತ್ತಲಿಲ್ಲ, ನೆಲ ನೋಡುತ್ತಲೇ ಹೇಳಿದಳು.

"ಮಾವಾರ, ಆಂವ ಬರೋಬರಿ ಮಾಡ್ಯಾನರಿ."

ಮುತ್ಯಾ ಸೊಸೆಯ ಕಡೆ ತಿರುಗಿದ.

"ನಾ ಲಗ್ನಾದ ಎರಡನೇ ವರ್ಷ ಜಗಳಾಡಿ ಮಂಗಳವೇಢೆಗೆ ನಮ್ಮ ತವರಮನಿಗೆ ಹೋಗಿದ್ದೆರಿ. ನಿಮ್ಮ ಮನ್ಯಾಗ ಹದಿನಾರು ಮಂದಿ ಇದ್ರಿ. ಕರೀಲಿಕ್ಕೆ ಒಬ್ಬರೂ ಬರಲಿಲ್ಲ. ನಿಮ್ಮ ಮಗ ಬರ್ತೀನಿ ಅಂದ್ರ ನೀವು ಬಿಡಲಿಲ್ಲ. ದಿನಾ ಎಸ್‌ಟಿ ಬಸ್ಸು ಬರೂ ಹೊತ್ತಿಗೆ ಬಾಗಿಲಾಗ ನಿಂದರತಿದ್ದೆ. ಕಡೀಕ ನಾನ ಎಸ್‌ಟಿ ಹತ್ತಿ ಬಂದೆ."

ನಮ್ಮ ಕಡೆ ಕರೆಯಲು ಬರುವುದೆಂದರೆ ಸಣ್ಣ ಮಾತಲ್ಲ. ತವರಿಗೆ ಹೋದ ಸೊಸೆಯನ್ನು ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ತಾನಾಗಿ ತಿರುಗಿ ಬಂದವಳು ಆಮೇಲೆ ಆ ಮನೆಯಲ್ಲಿ ಯಾವ ಮಾತಿಗೂ ತಲೆ ಎತ್ತುವ ಹಾಗಿಲ್ಲ. ಅವಳು ಅಂದಿನಿಂದ ಎತ್ತಿರಲಿಲ್ಲ.

"ಎಷ್ಟು ದಿನ ಇದ್ದಿ?" ಎಂದ ಮುತ್ಯಾ.

"ಮೂರು ತಿಂಗಳರಿ."

"ನನಗ ನೆನಪಿಲ್ಲ."

"ನನಗ ಅದರಿ."

ಮುತ್ಯಾ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಚಹಾ ಬಂತು. ಕಪ್ಪು ಕೆಳಗಿಟ್ಟು, "ಇನ್ನೊಮ್ಮೆ ಹಚ್ಚು," ಎಂದ. ಮೊಮ್ಮಗ ಹಚ್ಚಿದ. ಈ ಸಲ ಮುತ್ಯಾ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ಅಪ್ಪನಿಗೆ ಹೇಳಿದ: "ಪೇಟಿ ಬರ್ಲಿ. ಮನ್ಯಾಗ ಬಾರಸ್ಲಿ. ಆದ್ರ ಆ ತೊಂಬತ್ತೊಂಬತ್ತು ಕಾಯಾಕ ಒಂದು ನಾಯಿನರ ಇಡಬೇಕಾಗಿತ್ತು ಆಂವ."

ಪೇಟಿಯ ಸಮೇತ ನಾನು ಅಕ್ಕಲಕೋಟೆಗೆ ಹೋದೆ. ಲಗ್ನದಲ್ಲಿ ಹಾಡಿನ ಆ ಮೂವರೂ ಊಟ ಬಡಿಸಿದರು. ಡ್ರಮ್ಮಿನವನ ನೀಲಿ ಕೈಯಿಂದ ಜಿಲೇಬಿ ಹಾಕಿಸಿಕೊಳ್ಳಲು ಬೀಗರು ಸ್ವಲ್ಪ ಅನುಮಾನಿಸಿದರು. ಹತ್ತು ಕ್ಯಾಸೆಟ್ಟುಗಳಲ್ಲಿ ಮಾರಾಟವಾದದ್ದು ನಾಲ್ಕಂತೆ.

ಆ ವರ್ಷ ನಾಗರ ಪಂಚಮಿಗೆ ನಾನು ಸೋಲಾಪುರಕ್ಕೆ ಬಂದೆ, ಅತ್ತೆ ಮಂಗಳವೇಢೆಗೆ ಹೋದಳು. ಹಬ್ಬ ಇನ್ನೂ ನಾಲ್ಕು ದಿನ ಇತ್ತು. ಅವಳು ಹೋದ ಮರುದಿನವೇ ಮುತ್ಯಾ ಯಾರಿಗೂ ಹೇಳದೆ ಅಕ್ಕಲಕೋಟೆಯಲ್ಲಿ ಎಸ್‌ಟಿ ಹತ್ತಿ, ಸೋಲಾಪುರದಲ್ಲಿ ಬಸ್ಸು ಬದಲಿಸಿ, ಮಂಗಳವೇಢೆಯ ಆ ಮನೆಯ ಅಂಗಳದಲ್ಲಿ ಹೋಗಿ ನಿಂತನಂತೆ. ಅತ್ತೆ ಜೋಳ ಹಸನು ಮಾಡುತ್ತ ಕುಳಿತಿದ್ದಳು.

"ಕರೀಲಿಕ್ಕೆ ಬಂದೀನಿ," ಎಂದನಂತೆ.

ಅತ್ತೆ ಕಣ್ಣು ಒರೆಸಿಕೊಂಡು ನಕ್ಕಳಂತೆ. "ಮಾವಾರ, ನಾ ನಿನ್ನೆರ ಬಂದೀನಿ. ಪಂಚಮಿ ಇನ್ನಾ ಆಗಬೇಕರಿ."

"ಆಗ್ಲಿ. ಅಲ್ಲೀತನಾ ಕುಂಡ್ರತೀನಿ," ಎಂದು ಮುತ್ಯಾ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕುಳಿತ. ಸೊಸೆಯ ತವರುಮನೆಯಲ್ಲಿ ಆರು ದಿನ ಇದ್ದ.