ಕ್ಯಾಲೆಂಡರಿನ ಅಂಚಿಗೆ ಸಿಕ್ಕ ಮೊಣಕೈ

ಗುಂಪಿನ ಫೋಟೋಕ್ಕೆ ನಿಲ್ಲುವವರಿಗೆ ನನ್ನದೊಂದು ಬುದ್ಧಿಮಾತು: ಅಂಚಿನಲ್ಲಿ ನಿಲ್ಲಬೇಡಿ. ಯಾರು ಎಷ್ಟೇ ಪ್ರೀತಿಯಿಂದ ಕರೆದರೂ ನಿಲ್ಲಬೇಡಿ. ಅಚ್ಚಿಗೆ ಹೋದಾಗ ಜಾಗ ಸಾಲದೆ ಹೋದರೆ ಪ್ರೆಸ್ಸಿನವನ ಕತ್ತರಿ ಮೊದಲು ಬೀಳುವುದು ಅಲ್ಲಿಗೇ. ಎಷ್ಟು ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ಕೇಳುವವರೇ ಇಲ್ಲ. ನನಗೂ ಇದು ತಾನಾಗಿ ಹೊಳೆದದ್ದಲ್ಲ. ಒಬ್ಬಾಕೆಯ ಮೊಣಕೈ ಕಲಿಸಿದ್ದು.

ಎಂಬತ್ತರ ದಶಕದಲ್ಲಿ ಕೊಳ್ಳೇಗಾಲದ ಒಂದು ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವ ಕೆಲಸಕ್ಕೆ ಸೇರಿದವಳು ನಾನು. ಪೆನ್ಸಿಲ್ಲು ಸೂಜಿಯಷ್ಟು ಚೂಪು ಮಾಡಿಕೊಂಡು ಮದುವಣಗಿತ್ತಿಯ ಮೊಡವೆ ಅಳಿಸುವುದು, ಮನೆಯವರಿಗೆ ಬೇಡವಾದ ಅಳಿಯನನ್ನು ಚಿತ್ರದಿಂದ ಕಾಣೆ ಮಾಡುವುದು, ಇದೇ ದಿನಚರಿ. ಆಮೇಲೆ ಮಾಲೀಕರ ಹಳೆಯ ಕ್ಯಾಮೆರಾವನ್ನೇ ಮೂರು ತಿಂಗಳು ಚೌಕಾಸಿ ಮಾಡಿ ಕೊಂಡುಕೊಂಡೆ. ಸೀಮಂತ, ಹೆಣ್ಣು ತೋರಿಸುವ ಫೋಟೋ ಎಂದರೆ ಹೆಂಗಸರೇ ಹುಡುಕಿಕೊಂಡು ಬರತೊಡಗಿದರು. ಗಂಡಸರ ಎದುರು ಬಿಗಿದುಕೊಳ್ಳುವ ಮುಖ ನನ್ನೆದುರು ಸಡಿಲವಾಗುತ್ತಿತ್ತು. ಅದೇ ನನ್ನ ಬಂಡವಾಳ.

ತೊಂಬತ್ತರ ನಡುವಿನಲ್ಲಿ ಒಂದು ಸಂಘದವರು ಬಿಳಿಗಿರಿರಂಗನ ಬೆಟ್ಟದಲ್ಲಿ ಹೆಂಗಸರಿಗಾಗಿ ಶಿಬಿರ ನಡೆಸುತ್ತಿದ್ದರು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಊರುಗಳಿಂದ ಎಲ್ಲ ಜಾತಿಯ ಹೆಂಗಸರನ್ನೂ ಕರೆತಂದು ಮೂರು ದಿನ ಕಾಡು ಸುತ್ತಿಸುವುದು. ಹಕ್ಕಿ ನೋಡುವುದು, ಹೆಜ್ಜೆ ಗುರುತು ನೋಡುವುದು, ಒಟ್ಟಿಗೆ ಉಣ್ಣುವುದು. ಕೊನೆಯ ದಿನ ಒಂದು ಗುಂಪಿನ ಫೋಟೋ. ಅದು ಸಂಘದ ಕ್ಯಾಲೆಂಡರಿಗೆ ಹೋಗುತ್ತಿತ್ತು. ತೆಗೆಯುವವಳು ನಾನು.

ಕಾಡಿನಲ್ಲಿ ಮುಂದೆ ನಡೆದು ದಾರಿ ತೋರಿಸುತ್ತಿದ್ದವಳು ಅಲ್ಲಿಯ ಪೋಡಿನ, ಅಂದರೆ ಕಾಡಿನೊಳಗಿನ ಹಾಡಿಯ, ಒಬ್ಬ ಸೋಲಿಗರ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನ ಭುಜಕ್ಕೂ ಬಾರದಷ್ಟು ಕುಳ್ಳಿ. ಮೊದಲ ವರ್ಷ ಫೋಟೋಕ್ಕೆ ಎಲ್ಲರೂ ನಿಂತಾಗ ಇವಳು ಅವರ ಚೀಲ, ನೀರಿನ ಕ್ಯಾನು ಕಾಯುತ್ತಾ ದೂರದಲ್ಲಿದ್ದಳು. ನಾನೇ "ಬಾ ಅಕ್ಕ, ನೀನೂ ಬಾ" ಎಂದು ಕರೆದು ಸಾಲಿನ ಕೊನೆಗೆ ನಿಲ್ಲಿಸಿದೆ. ದೊಡ್ಡ ಉಪಕಾರ ಮಾಡಿದೆ ಎಂದು ಬಸ್ಸಿನಲ್ಲಿ ಬರುವಾಗ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಮರುವರ್ಷ ಶಿಬಿರಕ್ಕೆ ಹೋದರೆ ಅವಳು ಸೆರಗಿನೊಳಗಿಂದ ಮಡಚಿದ ಕ್ಯಾಲೆಂಡರು ತೆಗೆದಳು.

"ಪೋಟದಕ್ಕ, ಇದ್ರಲ್ಲಿ ನಾನೆಲ್ಲಿವ್ನಿ, ವಸಿ ತೋರ್ಸು."

ಹುಡುಕಿದೆ. ಬಲಗಡೆಯ ಅಂಚಿನಲ್ಲಿ ಎರಡು ಹಸಿರು ಬಳೆ, ಒಂದು ಮೊಣಕೈ. ಅಷ್ಟೇ. ಕೆಳಗೆ 'ಕಾಡಿನ ಮಡಿಲಲ್ಲಿ ನಾವೆಲ್ಲರೂ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

"ಇಸ್ಕೂಲ್ ಮೇಷ್ಟ್ರು ಓದಿ ಯೋಳುದ್ರು. ನಾವೆಲ್ಲರೂ ಅಂತ ಬರ್ದದಂತೆ. ದಾರಿ ತೋರ್ಸುದೋಳು ನಾನು. ನಂದು ಮೊಣಕೈ ಮಾತ್ರವಾ?"

"ಕತ್ತರಿಸಿದ್ದು ನಾನಲ್ಲ ಅಕ್ಕ, ಪ್ರೆಸ್ಸಿನವರು."

"ನಿಲ್ಸುದೋಳು ನೀನೇ ಅಲ್ವಾ?"

ಅವಳು ಕ್ಯಾಲೆಂಡರು ಮಡಚಿಟ್ಟುಕೊಂಡು ಷರತ್ತು ಹಾಕಿದಳು. "ಈ ಸಲ ನಡುಮಧ್ಯ ಇರ್ತೀನಿ. ಇಲ್ದೇ ಓದ್ರೆ ಬರೋ ವರ್ಸಕ್ಕ ಬ್ಯಾರೆಯವ್ರ ನೋಡ್ಕಳಿ. ಕಾಡ್ನಾಗ ಕರ್ಕಂಡು ಓಗೋಕ ನಾನ್ ಬೇಕು, ಪೋಟಕ್ಕ ಬ್ಯಾಡ್ವಾ?"

ನ್ಯಾಯವಾದ ಮಾತು. ಆದರೆ ನಡುಮಧ್ಯದ ಜಾಗ ಎಂದರೆ ಏನೆಂದು ಗುಂಪಿನ ಫೋಟೋ ತೆಗೆಯುವವರನ್ನೇ ಕೇಳಬೇಕು. ಅಲ್ಲಿ ಆಗಲೇ ಒಬ್ಬರು ಇದ್ದರು. ಬಯಲು ಸೀಮೆಯ ದೊಡ್ಡ ಜಮೀನಿನ ಮನೆಯ ಯಜಮಾನಿ. ಎಲ್ಲಿ ಹೋದರೂ ಮಧ್ಯಕ್ಕೆ ಹೋಗಿ ನಿಲ್ಲುವುದು ಅವರಿಗೆ ಉಸಿರಾಟದಷ್ಟು ಸಹಜ. ಮಗಳ ಮದುವೆ ಹತ್ತಿರದಲ್ಲಿತ್ತು, ಅದರ ಫೋಟೋ ನನಗೇ ಎಂದು ಮಾತು ಬೇರೆ ಕೊಟ್ಟಿದ್ದರು.

ಇಂಥ ಹೊತ್ತಿಗೆ ನನ್ನಲ್ಲೊಂದು ಉಪಾಯವಿದೆ, ಬೇಕಾದವರು ಕಲಿತುಕೊಳ್ಳಿ. ಯಾರ ಪಕ್ಕ ಯಾರು ಎಂದು ಯಾವತ್ತೂ ಹೇಳಬಾರದು. "ಎತ್ತರದವರು ಹಿಂದೆ, ಕುಳ್ಳಗಿರುವವರು ಮುಂದೆ" ಎನ್ನಬೇಕು. ಜಾತಿಯ ಮೇಲೆ ಜಗಳ ತೆಗೆಯುವವರು ಎತ್ತರದ ಮೇಲೆ ತೆಗೆಯಲಾರರು. ಎಷ್ಟೋ ಮದುವೆಗಳಲ್ಲಿ ಮಾತು ಬಿಟ್ಟ ಬೀಗರನ್ನು ಹೀಗೆಯೇ ಪಕ್ಕಪಕ್ಕ ನಿಲ್ಲಿಸಿದ್ದೇನೆ.

ಕಾಡಿನ ಬಯಲಿನಲ್ಲಿ ಸ್ಟ್ಯಾಂಡು ನಿಲ್ಲಿಸಿ ಅದನ್ನೇ ಕೂಗಿದೆ. ದಾರಿ ತೋರಿಸುವವಳು ಬಂದು ಮುಂದಿನ ಸಾಲಿನ ಮಧ್ಯೆ ನೆಲಕ್ಕೆ ಕುಳಿತಳು. ಯಜಮಾನಿಯೂ ಕುಳ್ಳಗೇ, ಅವಳ ಪಕ್ಕಕ್ಕೇ ಬರಬೇಕು. ಅವರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು.

"ನಂಗೆ ನೆಲದ ಮ್ಯಾಲೆ ಕೂರಕ್ಕಾಗಲ್ಲ ಕಣಮ್ಮ, ಮಂಡಿ ನೋವು. ಒಂದು ಕುರ್ಚಿ ತರ್ಸು."

"ಕಾಡಲ್ಲಿ ಕುರ್ಚಿ ಎಲ್ಲಿಂದ ತರಲಿ ಅಮ್ಮಾವ್ರೇ?"

"ಹಂಗಾರೆ ನಾನು ಹಿಂದ್ಗಡೆ ನಿಂತ್ಕತೀನಿ."

ಅವರು ಹಿಂದೆ ಹೋದರು, ಅವರ ಊರಿನ ಆರು ಜನವೂ ಹಿಂದೆ ಹೋದರು. ಹೂಗ್ಯಂ ಕಡೆಯಿಂದ ಬಂದಿದ್ದ, ಅರ್ಧ ತಮಿಳು ಅರ್ಧ ಕನ್ನಡದ ಒಬ್ಬಾಕೆ "ಕಣ್ಣಿಗೆ ವೆಯಿಲು ಹೊಡೀತದ ಅಕ್ಕಾ" ಎಂದು ಬಿಸಿಲಿನ ನೆಪ ಹೇಳಿ ಸೆರಗಿನಿಂದ ಮುಖವನ್ನೇ ಮುಚ್ಚಿಕೊಂಡಳು. ಇನ್ನೊಬ್ಬಳಿಗೆ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳ ಕಂಡಿತು, ಎಡಗಡೆಯ ಸಾಲು ಪೂರ್ತಿ ಎದ್ದು ಸೀರೆ ಕೊಡವತೊಡಗಿತು. ಮೂರು ದಿನ ಒಂದೇ ಪಾತ್ರೆಯ ಚಿತ್ರಾನ್ನ ತಿಂದವರು, ಆನೆ ಲದ್ದಿ ಕಂಡಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಓಡಿದವರು. ಕ್ಯಾಮೆರಾ ಕಂಡ ತಕ್ಷಣ ಎಲ್ಲರಿಗೂ ಅವರವರ ಬೀದಿ ನೆನಪಾಗಿಬಿಟ್ಟಿತು. ಸಂಘದ ಮೇಡಂ ನನ್ನ ಬೆನ್ನಿಗೆ ನಿಂತು "ಬೇಗ, ಬೇಗ, ವ್ಯಾನು ಕಾಯ್ತಿದೆ" ಎನ್ನುತ್ತಿದ್ದರು. ಅವರ ವ್ಯಾನಿಗೆ ಬೆಂಕಿ ಬೀಳಲಿ ಎಂದುಕೊಂಡೆ.

ದಾರಿ ತೋರಿಸುವವಳು ಇದನ್ನೆಲ್ಲ ನೋಡಿ ಸುಮ್ಮನೆ ಎದ್ದಳು. ಸ್ವಲ್ಪ ದೂರದ ಇಳಿಜಾರಿನಲ್ಲಿ ಸೊಂಟದೆತ್ತರದ ಒಂದು ಬಂಡೆ. ಹೋಗಿ ಅದರ ಮೇಲೆ ಕುಳಿತು ಕಾಲು ಇಳಿಬಿಟ್ಟಳು.

"ಅಕ್ಕ, ಇತ್ತ ಬಾ."

"ನಾನ್ ಬರಲ್ಲ. ಗೆಣಸು ಅಗೆದು ಬಂದಾಗ ನಮ್ಮವ್ವ ದಣಿವಾರಿಸ್ಕತಿದ್ದ ಬಂಡೆ ಇದು. ಬೇಕಾರೆ ನೀವೇ ಇತ್ತ ಬನ್ನಿ."

ಸಿಟ್ಟು ಬಂತು. ಸಿಟ್ಟಿನಲ್ಲೇ ಆ ಕಡೆ ನೋಡಿದೆ. ಬಿಸಿಲು ಬಂಡೆಗೆ ಓರೆಯಾಗಿ ಬೀಳುತ್ತಿತ್ತು, ಯಾರ ಕಣ್ಣಿಗೂ ಚುಚ್ಚುವಂತಿರಲಿಲ್ಲ. ಹುಲ್ಲಿಲ್ಲ, ಹಾಗಾಗಿ ಉಣ್ಣೆಯೂ ಇಲ್ಲ. ಸ್ಟ್ಯಾಂಡು ಎತ್ತಿ ಅತ್ತ ತಿರುಗಿಸಿದೆ. ಲೆನ್ಸು ಎತ್ತ ತಿರುಗಿದರೆ ಜನ ಅತ್ತ ಬರುತ್ತಾರೆ, ಕರೆಯಬೇಕಾಗಿಲ್ಲ. ಇದೂ ನನ್ನ ಅನುಭವ. ಒಬ್ಬೊಬ್ಬರೇ ಬಂಡೆಯ ಸುತ್ತ ಕೂಡಿಕೊಂಡರು. ಉಳಿದವರು ಯಜಮಾನಿ.

"ಅಮ್ಮಾವ್ರೇ, ಮಂಡಿ ನೋವು ಅಂದ್ರಲ್ಲ. ಕುರ್ಚಿ ಎತ್ತರಕ್ಕಿರೋದು ಈ ಕಾಡಿಗೆಲ್ಲ ಅದೊಂದೇ ಜಾಗ."

ಅವರದೇ ಮಾತು, ತಿರುಗಿ ಏನು ಹೇಳಿಯಾರು? ಹತ್ತಿ ಅವಳ ಪಕ್ಕ ಕುಳಿತರು, ಒಂದು ಗೇಣು ಬಿಟ್ಟು. ಬಂಡೆ ನುಣುಪು, ಮೈ ಭಾರ. ಜಾರಿದರು. ಅವಳು ಕೈ ಚಾಚಿದಳು. ನಾನು ಕ್ಯಾಮೆರಾದ ಗುಂಡಿ ಒತ್ತಿದೆ.

ಪ್ರಿಂಟು ಸಂಘಕ್ಕೆ ಹೋಗುವ ಮೊದಲೇ ಯಜಮಾನಿ ಕೊಳ್ಳೇಗಾಲಕ್ಕೆ ಬಂದು ನನ್ನೆದುರಿನ ಸ್ಟೂಲಿನಲ್ಲಿ ಕುಳಿತರು. ಚಿತ್ರವನ್ನು ದೂರ ಹಿಡಿದು ನೋಡಿದರು.

"ನೀನು ಜನಾನ ತೆಗ್ದಾಕದ್ರಲ್ಲಿ ಎತ್ತಿದ ಕೈಯಂತೆ. ನನ್ ಪಕ್ಕದೋಳ್ನ ತೆಗ್ದುಬುಡು. ಮದ್ವೆ ಕೆಲ್ಸ ಹೆಂಗೂ ನಿಂದೇಯ."

ನಾನು ಭೂತಗನ್ನಡಿ ಕೊಟ್ಟೆ. "ತೆಗೀಬಹುದು ಅಮ್ಮಾವ್ರೇ. ಅವಳ ಜೊತೆ ನಿಮ್ಮ ಕೈ ಎರಡೂ ಹೋಗುತ್ತೆ. ನೋಡಿ."

ಅವರು ಬಗ್ಗಿ ನೋಡಿದರು. ಅವರ ಒಂದು ಕೈ ಅವಳ ಮಣಿಕಟ್ಟನ್ನು ಹಿಡಿದಿತ್ತು, ಇನ್ನೊಂದು ಅದೇ ತೋಳನ್ನು ತಬ್ಬಿತ್ತು.

"ನಾನೇ ಹಿಡ್ಕಂಡಿವ್ನಿ."

"ಹೌದು."

"ಜಾರ್ತಿತ್ತು ಕಣಮ್ಮ. ಅವ್ಳು ಬುಟ್ಟಿದ್ರೆ ಕೆಳಕ್ಕೋಗ್ತಿದ್ದೆ." ಭೂತಗನ್ನಡಿ ಮೇಜಿನ ಮೇಲಿಟ್ಟರು. "ಇರ್ಲಿ ಬುಡು. ನನ್ ಮುಖ ವಸಿ ಬೆಳ್ಳಗ್ ಮಾಡು."

ನಿಜ ಹೇಳಬೇಕೆಂದರೆ ಕೈ ಉಳಿಸಿಕೊಂಡು ಅವಳನ್ನು ತೆಗೆಯುವುದು ನನಗೆ ಅರ್ಧ ದಿನದ ಕೆಲಸ. ಅದನ್ನು ಅವರಿಗೆ ಹೇಳಲಿಲ್ಲ. ವ್ಯಾಪಾರದಲ್ಲಿ ಬರುವ ವಿದ್ಯೆಯನ್ನೆಲ್ಲ ಗಿರಾಕಿಯ ಮುಂದೆ ಹರಡಬಾರದು. ಇರಲಿ ಎಂದರೂ ಮನಸ್ಸಿನಲ್ಲಿಟ್ಟುಕೊಂಡಿದ್ದರೇನೋ, ಮದುವೆಯ ಕೆಲಸ ಮೈಸೂರಿನ ಯಾರಿಗೋ ಹೋಯಿತು. ಹೊಟ್ಟೆ ಉರಿಯಿತು, ಇಲ್ಲವೆನ್ನುವುದಿಲ್ಲ.

ಪ್ರೆಸ್ಸಿನವನು ಆ ವರ್ಷವೂ ಅಂಚು ಕತ್ತರಿಸಿದ. ಹೋದದ್ದು ಒಂದು ಮರದ ಅರ್ಧ, ಮೇಡಂ ಅವರ ಒಂದು ಭುಜ. ಕ್ಯಾಲೆಂಡರು ಬಂದ ವಾರವೇ ಬಸ್ಸು ಹತ್ತಿ ಪೋಡಿಗೆ ಹೋದೆ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ನಡುಮಧ್ಯದಲ್ಲಿ ಅವಳು, ಅಂಗಾಲಿನವರೆಗೂ ಪೂರ್ತಿಯಾಗಿ. ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಕಾದೆ.

"ಬೆಟ್ಟ ಎಲ್ಲಿ?"

"ಹಿಂದೆ ಇದೆಯಲ್ಲ ಅಕ್ಕ."

"ಎಲ್ಲದ? ಬರೀ ತಲೆಗಳೇ ಅವೆ. ಇಷ್ಟು ಜನಾನ ಯಾಕ ನಿಲ್ಸುದೆ? ವಸಿ ಕುಂದ್ರುಸಿದ್ರೆ ಬೆಟ್ಟ ಕಾಣ್ತಿತ್ತು."

ಆ ಫೋಟೋಕ್ಕಾಗಿ ಒಂದು ಮದುವೆ ಬಿಟ್ಟವಳು ನಾನು. ಮಾತಾಡಿದರೆ ಜಗಳವಾಗುತ್ತದೆಂದು ಅವಳು ಕೊಟ್ಟ ಕರಿ ಕಾಫಿ ಕುಡಿದೆ. ಅವಳು ಗೋಡೆಗೆ ಮೊಳೆ ಹೊಡೆದು ಹೊಸದನ್ನು ತೂಗುಹಾಕಿದಳು. ಪಕ್ಕದಲ್ಲಿ ಹಳೆಯದೂ ಇತ್ತು, ಅದನ್ನು ತೆಗೆಯಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಏನೆಂದು ನೋಡಲು ಒಳಗೆ ಬಂದಳು. ಇವಳು ಮೊದಲು ಹಳೆಯದರ ಅಂಚಿಗೆ ಬೆರಳಿಟ್ಟು "ಇದು ನಾನು" ಎಂದಳು. ಆಮೇಲೆ ಹೊಸದರ ಮಧ್ಯಕ್ಕೆ ಬಂದು, "ಇದೂ ನಾನೇಯ. ಪಕ್ಕದಾಗಿರೋ ಅಮ್ಮ ಜಾರ್ತಿದ್ರು, ಹಿಡ್ಕಂಡೆ."