ಹವಾಯಿಯಲ್ಲಿ ಬಯಲಿಗೆ

ನಾವಿರುವ ಜಾನ್ಸ್ ಕ್ರೀಕ್ ಊರಿನಿಂದ ಹವಾಯಿಗೆ ಹೋಗಿ, ಆರಿದ ಲಾವಾದ ಮೇಲೆ ಟೆಂಟು ಹಾಕಿದ್ದೆವು. ಸರ್ಕಾರಿ ಜಾಗ, ಪುಕ್ಕಟೆ. ನೀರಿಲ್ಲ, ಸಂಡಾಸಿಲ್ಲ ಎಂದು ಗದಗಿನ ಕಡೆಯ ಹಳ್ಳಿಯಿಂದ ಬಂದಿದ್ದ ಅವ್ವನೆದುರು ಪೆದ್ದನಂತೆ ಹೆಮ್ಮೆಪಟ್ಟೆ.

"ಅಂದ್ರ ಬಯಲಿಗೆ ಹೋಗೂದು. ಅದಕ್ಕ ವಿಮಾನ ಯಾಕ ಬೇಕಿತ್ತೋ?" ಎಂದಳು.

ಮರುದಿನ ಬೆಳಕು ಹರಿಯುವ ಮೊದಲೇ ಅವಳು ನೀರಿನ ಬಾಟಲಿ ಹಿಡಿದು ನನ್ನ ಮಗಳನ್ನು ಎಬ್ಬಿಸುತ್ತಿದ್ದಳು. "ಏಳವ್ವಾ, ಗಂಡಸರು ಏಳೂದ್ರಾಗ ಹೋಗಿ ಬರೂಣು."

ಮಗಳು ಕಣ್ಣುಜ್ಜಿಕೊಂಡು, "ಅಜ್ಜಿ, ಇಲ್ಲಿ ಯಾರೂ ಇಲ್ಲ. ವೈ ನೌ?" ಎಂದಳು.

ಅವ್ವ ಟೆಂಟಿನಿಂದ ತಲೆ ಹೊರಹಾಕಿ, ಬೆಳದಿಂಗಳಲ್ಲಿ ಕಣ್ಣು ಹರಿಯುವಷ್ಟೂ ದೂರ ಬಿದ್ದಿದ್ದ ಕಪ್ಪು ಕಲ್ಲನ್ನು ಬಹಳ ಹೊತ್ತು ನೋಡಿದಳು. ಬಾಟಲಿ ಕೆಳಗಿಟ್ಟು, "ಹಂಗಾರ ಮೊದಲ ಚಾ ಮಾಡು" ಎಂದು ನನಗೆ ಹೇಳಿದಳು.

ಚಾ ಕುಡಿದು, ಬಿಸಿಲೇರಿದ ಮೇಲೆ, ನಿಧಾನವಾಗಿ, ಒಬ್ಬಳೇ ಹೋದಳು.