ಸೂಜಿಯ ನಡುವಿನ ಗೆರೆ

ಬಸ್ತ್ಯಾಂವಣ್ಣ ಕಾರ್ಬ್ಯುರೇಟರ್ ಸೆಟ್ ಮಾಡುವಾಗ ಪಕ್ಕದಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಸ್ಕ್ರೂಡ್ರೈವರನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ಕೂದಲೆಳೆಯಷ್ಟು ತಿರುಗಿಸಿ, ಇಂಜಿನ್ನಿನ ಸದ್ದು ಕೇಳುತ್ತ ಕೂರುತ್ತಿದ್ದ. ಯಾರಾದರೂ ಬಾಯಿ ಬಿಟ್ಟರೆ, ಅವರು ಎಂಥ ದೊಡ್ಡ ಮನುಷ್ಯರೇ ಆಗಿರಲಿ, "ಹೊರಗ ಹೋಗಿ ಮಾತಾಡ್ರಿ, ಅದು ಏನೋ ಹೇಳಾಕತ್ತೈತಿ" ಎನ್ನುತ್ತಿದ್ದ. ಹಳಿಯಾಳದ ಆ ಅಂಗಡಿಯೆಂದರೆ ನಾಲ್ಕು ತಗಡು, ಒಂದು ಹುಣಸೆ ಮರ. ಅದರಲ್ಲಿ ಹೊರಗೆ ಯಾವುದು, ಒಳಗೆ ಯಾವುದು ಎಂದು ನಮಗೆ ತಿಳಿಯುತ್ತಿರಲಿಲ್ಲ.

ನಾನು ಹಳ್ಳಿ ಶಾಲೆಯ ಅಕ್ಕೋರು. ಅಪ್ಪ ಓಡಿಸುತ್ತಿದ್ದ, ಪೆಡಲ್ ಇರುವ ಮುದಿ ಮೊಪೆಡ್ ನನ್ನ ಪಾಲಿಗೆ ಬಂದಿತ್ತು. ಉಳಿದ ಮೆಕ್ಯಾನಿಕ್‌ಗಳು ಅದನ್ನು ನೋಡಿ ಗುಜರಿಯವನ ದಾರಿ ತೋರಿಸಿದರೆ, ಬಸ್ತ್ಯಾಂವಣ್ಣ ಒಂದು ಸ್ಟೂಲ್ ತೋರಿಸಿದ. ನನ್ನನ್ನು ವಿದ್ಯಾರ್ಥಿಯಂತೆ ಕೂರಿಸಿಕೊಂಡು ಕಾರ್ಬ್ಯುರೇಟರ್ ಬಿಚ್ಚಿ, ಒಳಗಿನ ಸೂಜಿಯನ್ನು ಅಂಗೈ ಮೇಲಿಟ್ಟ.

"ಐದು ಗೆರಿ ಅದಾವ ನೋಡ್ರಿ. ಈ ಸಣ್ಣ ಕ್ಲಿಪ್ ನಡುವಿನ ಗೆರಿಯಾಗ ಇರಬೇಕು. ಮ್ಯಾಲಿನ ಗೆರಿಗೆ ಹಾಕಿದ್ರ ಸೂಜಿ ಕೆಳಗ ಇಳಿದು ಪೆಟ್ರೋಲ್ ಕಡಿಮಿ ಬರತೈತಿ. ಉಪಾಸ ಬಿದ್ದ ಇಂಜಿನ್ ಏರಿನ್ಯಾಗ ಸಾಯತೈತಿ." ಆಮೇಲೆ ಪ್ಲಗ್ ಬಿಚ್ಚಿ ತೋರಿಸಿದ. "ಇದರ ಮೂತಿ ಚಹಾದ ಬಣ್ಣ ಇರಬೇಕ್ರಿ ಅಕ್ಕೋರ. ಕರಿ ಇದ್ದರ ಹೆಚ್ಚು ಕುಡದೈತಿ. ಬೆಳ್ಳಗಿದ್ದರ ಹಸದೈತಿ. ಮನಶ್ಯಾ ಸುಳ್ಳು ಹೇಳ್ತಾನ, ಪ್ಲಗ್ ಹೇಳೂದಿಲ್ಲ."

ಅವನು ಕಾಡಂಚಿನ ಸಿದ್ದಿ ಸಮುದಾಯದವನು. "ಸಿದ್ದಿಯಾದರೂ ಕೈ ಚಲೋ ಐತಿ" ಎಂದು ಊರವರು ಅವನನ್ನು ಹೊಗಳುತ್ತಿದ್ದರು, ಅದೂ ಅವನಿಗೆ ಕೇಳುವಂತೆ. ಅವನು ತಲೆ ಎತ್ತದೆ ನಟ್ಟಿಗೆ ಪಾನಾ ಹಾಕಿ ತಿರುಗಿಸುತ್ತಿದ್ದ. ಅಂಥ ಹೊಗಳಿಕೆಯ ಆಯುಷ್ಯ ಎಷ್ಟೆಂದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ನಾನು ಗಾಡಿ ಓಡಿಸುವುದು ನಮ್ಮ ಮನೆಯವರಿಗೆ ಮೊದಲಿನಿಂದಲೂ ಹಿಡಿಸದು. ಇನ್ನೊಮ್ಮೆ ಅದು ದಾರಿಯಲ್ಲಿ ನಿಂತರೆ ಮಾರಿಬಿಡುವುದಾಗಿ ಹೇಳಿದ್ದರು. ಅಂಥದ್ದರಲ್ಲಿ ಒಂದು ಭಾನುವಾರ, ಬಸ್ತ್ಯಾಂವಣ್ಣ ಕಲಿಸಿದ ವಿದ್ಯೆಯೆಲ್ಲ ತಲೆಗೇರಿ, ಲೀಟರಿಗೆ ಇನ್ನಷ್ಟು ದೂರ ಓಡಲಿ ಎಂಬ ಆಸೆಯಿಂದ, ಯಾರಿಗೂ ಹೇಳದೆ ಕ್ಲಿಪ್ಪನ್ನು ಮೇಲಿನ ಗೆರೆಗೆ ಹಾಕಿದೆ. ಮೂರು ದಿನ ಗಾಡಿ ಹಗುರವಾಗಿ ಓಡಿತು. ನಾಲ್ಕನೇ ದಿನ ದಾಂಡೇಲಿ ರಸ್ತೆಯ ಏರಿನಲ್ಲಿ ಇಂಜಿನ್ ಜಾಮ್ ಆಯಿತು.

ಮನೆಯವರು ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ನೇರ ಅವನ ಅಂಗಡಿಗೆ ನಡೆದರು. ಜೊತೆಗೆ ನಾನೂ ಇದ್ದೆ. ಅಲ್ಲಿ ಏಳೆಂಟು ಮಂದಿ ಗಿರಾಕಿಗಳಿದ್ದರು. ಬಸ್ತ್ಯಾಂವಣ್ಣ ಪ್ಲಗ್ ಬಿಚ್ಚಿದ. ಅದರ ಮೂತಿ ಸುಣ್ಣ ಬಳಿದಷ್ಟು ಬೆಳ್ಳಗಿತ್ತು. ಕಾರ್ಬ್ಯುರೇಟರ್ ಬಿಚ್ಚಿ ಸೂಜಿ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಅಕ್ಕೋರ, ಇದನ್ನ ಯಾರರ ಬಿಚ್ಚಿದ್ರೇನ್ರಿ?"

ಮನೆಯವರು ನನ್ನ ಕಡೆ ತಿರುಗಿದರು. "ಇಲ್ಲ. ನಿನ್ನ ಬಿಟ್ಟು ಯಾರೂ ಮುಟ್ಟಿಲ್ಲ" ಎಂದೆ.

ಅಷ್ಟೇ ಸಾಕಾಯಿತು. "ಕಾಡು ಬಿಟ್ಟು ಬಂದು ಪಾನಾ ಹಿಡದ ಕೂಡಲೇ ಮೆಕ್ಯಾನಿಕ್ ಆಗಿಬಿಡ್ತೀಯೇನು?" ಎಂದು ಇವರು ಕೂಗಾಡಿದರು. ಗಿರಾಕಿಗಳಲ್ಲಿ ಇಬ್ಬರು ನಕ್ಕರು. ಬಸ್ತ್ಯಾಂವಣ್ಣ ಸೂಜಿಯನ್ನು ಅಂಗೈಯಲ್ಲಿಟ್ಟುಕೊಂಡು, ನಾನು ಇನ್ನೇನಾದರೂ ಹೇಳುತ್ತೇನೋ ಎಂದು ಕಾದ. ನಾನು ಸೆರಗು ಸರಿಮಾಡಿಕೊಂಡೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ.

ಹದಿನೈದು ದಿನದಲ್ಲಿ ಇಂಜಿನ್ ಸರಿಮಾಡಿ ಕೊಟ್ಟ. "ನಡುವಿನ ಗೆರಿಗೇ ಹಾಕೇನಿ. ಇನ್ಮ್ಯಾಲೆ ನನ್ನ ಕಡೆ ತರಬ್ಯಾಡ್ರಿ" ಎಂದ. ತಪ್ಪು ಅವನದೆಂದಾದ ಮೇಲೆ ಇವರು ಗಾಡಿ ಮಾರುವ ಮಾತು ಬಿಟ್ಟರು. ಆಮೇಲೆ ಯಾರೂ ಅಲ್ಲಿಗೆ ಗಾಡಿ ತರದ ಹಾಗಾಯಿತು. ಅಕ್ಕೋರ ಇಂಜಿನ್ ಕೆಡಿಸಿದವನು ಎಂಬ ಹೆಸರು ಸಂತೆಯಲ್ಲೆಲ್ಲ ಓಡಾಡಿತು. ಅಕ್ಕೋರ ಮಾತೆಂದ ಮೇಲೆ ಊರಲ್ಲಿ ಅದಕ್ಕೆ ಎರಡನೇ ಸಾಕ್ಷಿ ಬೇಡ. ಎರಡು ವರ್ಷದಲ್ಲಿ ತಗಡು ಬಿಚ್ಚಿಕೊಂಡು ತನ್ನ ಹಳ್ಳಿಗೆ ಹೋದ.

ಕೊನೆಯ ಸಲ ನಾನು ಅವನನ್ನು ಕಂಡದ್ದು ಅಲ್ಲೇ, ಅವನು ಕೂಲಿಗೆ ಹೋಗಿದ್ದ ಬೇರೆಯವರ ಗದ್ದೆಯ ಬದುವಿನಲ್ಲಿ. ಹುಡುಕಿಕೊಂಡು ಹೋಗಿದ್ದೆ. ಅದೇ ಮೊಪೆಡ್ ಮೇಲೆ, ಬೇರೆ ಯಾವುದರ ಮೇಲೆ ಹೋಗಲಿ? ನಾನು ಬಾಯಿ ಬಿಡುವ ಮೊದಲೇ ಅವನು ಕಣ್ಣು ಮುಚ್ಚಿ ಅದರ ಸದ್ದು ಕೇಳಿದ. "ಚಲೋ ಓಡಾಕತ್ತೈತಿ" ಎಂದ. ನಾನು ಅತ್ತು, ಎಲ್ಲ ಹೇಳಿದೆ.

"ನನಗ ಯಾಕ ಹೇಳ್ತೀರಿ ಅಕ್ಕೋರ? ನನಗ ಅವತ್ತ ಗೊತ್ತಿತ್ತು. ನಿಮ್ಮ ಸಾಹೇಬ್ರಿಗೆ ಹೇಳ್ರಿ."

"ಹೇಳ್ತೇನಿ" ಎಂದೆ.

ಅವನು ತೀರಿಹೋದ ಸುದ್ದಿ ಕಳೆದ ಮಳೆಗಾಲದಲ್ಲಿ ಬಂತು. ಮೊಪೆಡ್ ಇನ್ನೂ ಓಡುತ್ತಿದೆ, ಪ್ಲಗ್ಗಿನ ಮೂತಿ ಚಹಾದ ಬಣ್ಣದಲ್ಲೇ ಇದೆ. ಮೊನ್ನೆ ಭಾನುವಾರ ಬೀಗರು ಬಂದಿದ್ದರು. ಅಂಗಳದಲ್ಲಿದ್ದ ಮೊಪೆಡ್ ಕಂಡು, ಇಷ್ಟು ಹಳೆಯ ಗಾಡಿ ಹೇಗೆ ಉಳಿಯಿತೆಂದು ಕೇಳಿದರು. ಸಿದ್ದಿಯೊಬ್ಬ ಅದರ ಇಂಜಿನ್ ಕೆಡಿಸಿದ ಕತೆಯನ್ನು ಇವರು ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಚಹಾ ತಂದುಕೊಟ್ಟೆ.